ಬುಧವಾರದ ಸಾಲಿನಲ್ಲಿ ಗುರುವಾರ

ನಾನು ಶಾಲೆ ಬಿಟ್ಟದ್ದು 1970ರಲ್ಲಿ, ಹತ್ತನೆಯ ಇಯತ್ತೆಯ ದೀಪಾವಳಿ ರಜೆಗೆ. ರಜೆ ಮುಗಿದ ಮೇಲೆ ಉಳಿದವರು ಶಾಲೆಗೆ ಹೋದರು, ನಾನು ಗದಗದ ಒಂದು ರೇಡಿಯೊ ರಿಪೇರಿ ಅಂಗಡಿಗೆ ಹೋದೆ. ಕಾರಣ ಮನೆಯದು, ಇಲ್ಲಿ ಬೇಡ. ಹದಿನೆಂಟು ವರ್ಷ ರೇಡಿಯೊ, ಆಮೇಲೆ ಟಿವಿ, ಆಮೇಲೆ ವಿಸಿಆರ್ ಬಿಚ್ಚಿ ಜೋಡಿಸಿದೆ. ನನ್ನ ಹೆಂಡತಿ ನೀಲಮ್ಮ ನರ್ಸ್. ಅವಳಿಗೆ ಸಿಯಾಟಲ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಬೆನ್ನಿಗೆ ನಾನು ಬಂದೆ. ಗಂಡನ ಹಿಂದೆ ಹೆಂಡತಿ ಬಂದರೆ ಯಾರೂ ಏನೂ ಕೇಳುವುದಿಲ್ಲ. ನನ್ನನ್ನು ಎಲ್ಲರೂ ಕೇಳಿದರು. 1991ರಲ್ಲಿ ಇಲ್ಲಿನ ಒಂದು ಟಿವಿ ಸ್ಟೇಷನ್ನಿಗೆ ಸೇರಿದ ಮೇಲೆ ಕೇಳುವುದು ನಿಂತಿತು.

ಈಗ ಬರೆಯುತ್ತಿರುವುದು ನನ್ನ ತಂಗಿಯ ಮಗಳಿಗಾಗಿ. ಅವಳು ಬೆಂಗಳೂರಿನ ಒಂದು ಚಾನೆಲ್‌ನಲ್ಲಿ ಪ್ರಸಾರ ವಿಭಾಗಕ್ಕೆ ಸೇರಿದ್ದಾಳೆ. ‘ಮಾಮಾ, ನೀವು ಅಲ್ಲಿ ಖರೇವಂದ್ರ ಏನ್ ಮಾಡ್ತಿದ್ರಿ?’ ಎಂದು ಫೋನಿನಲ್ಲಿ ಕೇಳಿದಳು. ಒಂದು ಮಾತಿನಲ್ಲಿ ಹೇಳಬೇಕೆಂದರೆ, ಏನೂ ಆಗದಂತೆ ನೋಡಿಕೊಳ್ಳುತ್ತಿದ್ದೆ. ಮಾಸ್ಟರ್ ಕಂಟ್ರೋಲ್ ಎಂಬ ಕೋಣೆಯಲ್ಲಿ ಕೂತವನ ಕೆಲಸ ಅದೇ. ಯಾವ ಕಾರ್ಯಕ್ರಮ, ಯಾವ ಜಾಹೀರಾತು, ಯಾವ ಸೆಕೆಂಡಿಗೆ ಪ್ರಸಾರವಾಗಿ ಗಾಳಿಗೆ ಹೋಗಬೇಕೋ ಅದು ಹೋಗಬೇಕು. ಸರಿಯಾಗಿ ಹೋದ ದಿನ ಅಲ್ಲೊಬ್ಬ ಮನುಷ್ಯ ಕೂತಿದ್ದಾನೆಂದು ಯಾರಿಗೂ ಗೊತ್ತಾಗುವುದಿಲ್ಲ. ಪರದೆ ಹತ್ತು ಸೆಕೆಂಡು ಕಪ್ಪಾದರೆ ಇಡೀ ಊರಿಗೆ ಗೊತ್ತಾಗುತ್ತದೆ.

ಕೆಲಸಕ್ಕೆ ಅರ್ಜಿ ಕೊಟ್ಟಾಗ ವಿದ್ಯಾಭ್ಯಾಸ ಎಂಬ ಜಾಗದಲ್ಲಿ ‘ಹತ್ತನೆಯ ತರಗತಿ, ಪೂರ್ತಿ ಇಲ್ಲ’ ಎಂದು ಬರೆದಿದ್ದೆ. ಪರಿಚಯದವರು ಡಿಪ್ಲೊಮಾ ಎಂದು ಬರೆ, ಗದಗಕ್ಕೆ ಹೋಗಿ ಯಾರು ನೋಡುತ್ತಾರೆ ಎಂದಿದ್ದರು. ನನಗೆ ಅದು ಆಗದು. ಕೈಯಲ್ಲಿ ವಿದ್ಯೆ ಇರುವವನು ಕಾಗದದಲ್ಲಿ ಸುಳ್ಳು ಬರೆಯುವುದು ವಿದ್ಯೆಗೇ ಅವಮಾನ ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ. ಸಂದರ್ಶನ ಮಾಡಿದ ಹೆರಾಲ್ಡ್ ಎಂಬ ಹಿರಿಯ ಆ ಸಾಲನ್ನು ಎರಡು ಸಲ ಓದಿ, ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಟೇಪ್ ಮಷೀನು ತೋರಿಸಿ ಕಾಫಿ ಕುಡಿಯಲು ಹೋದ. ಅವನು ಕಪ್ಪು ಹಿಡಿದು ವಾಪಸ್ ಬರುವಾಗ ಮಷೀನು ಓಡುತ್ತಿತ್ತು. ಮರುದಿನದಿಂದ ನಾನು ‘ಚನ್’ ಆದೆ. ಚನ್ನಬಸಪ್ಪ ಎಂದು ಪೂರ್ತಿ ಕರೆಯಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

ನನ್ನ ಇಪ್ಪತ್ಮೂರು ವರ್ಷವೂ ಒಂದು ಕ್ವಿಜ್ ಕಾರ್ಯಕ್ರಮದ ಸುತ್ತ ತಿರುಗಿತು. ಸಂಜೆ ಏಳೂವರೆಗೆ ಬರುತ್ತಿತ್ತು, ಹಾಗಾಗಿ ಕೋಣೆಯಲ್ಲಿ ಅದಕ್ಕೆ ‘ಏಳೂವರೆ’ ಎಂದೇ ಹೆಸರು. ಇದನ್ನು ಒಂದು ಕಂಪನಿ ತಯಾರಿಸಿ ಊರೂರಿನ ಸ್ಟೇಷನ್ನುಗಳಿಗೆ ಬಿಡಿಬಿಡಿಯಾಗಿ ಮಾರುತ್ತದೆ. ಒಂದೇ ಕಂತು ಒಂದೇ ದಿನ ಒಂದು ಊರಲ್ಲಿ ಮಧ್ಯಾಹ್ನ ಬಂದರೆ ಇನ್ನೊಂದು ಊರಲ್ಲಿ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಮೂವರು ಸ್ಪರ್ಧಿಗಳು. ಗೆದ್ದವನು ಮರುದಿನ ಮತ್ತೆ ಬಂದು ಎಡಗಡೆಯ ಜಾಗದಲ್ಲಿ ನಿಲ್ಲುತ್ತಾನೆ, ಸೋಲುವ ತನಕ. ಇಷ್ಟೇ ಆಟ. ಆದರೆ ಇದರಿಂದಾಗಿ ಕಂತುಗಳು ಮಣಿಸರದಂತೆ. ಒಂದು ಹಿಂದೆ ಮುಂದಾದರೆ ಸತ್ತವನು ಎದ್ದು ಬಂದ ಹಾಗೆ, ನಿನ್ನೆ ಸೋತವನು ಇವತ್ತು ಎಡಗಡೆ ನಿಂತಿರುತ್ತಾನೆ.

ನಾನು ಸೇರುವ ಮೊದಲು ಇಂಥ ಕಾರ್ಯಕ್ರಮಗಳ ಟೇಪುಗಳು ಸ್ಟೇಷನ್ನಿಂದ ಸ್ಟೇಷನ್ನಿಗೆ ಡಬ್ಬಿಯಲ್ಲಿ ತಿರುಗುತ್ತಿದ್ದವಂತೆ. ಒಬ್ಬರು ಹಾಕಿ ಮುಗಿಸಿ ಮುಂದಿನ ಊರಿಗೆ ಕಳಿಸಬೇಕು. ಒಂದೂರಿನ ಸೋಮಾರಿ ಡಬ್ಬಿ ಕಳಿಸಲು ತಡಮಾಡಿದರೆ ಮುಂದಿನ ಮೂರೂರಿಗೆ ಕಾರ್ಯಕ್ರಮವಿಲ್ಲ. ನನ್ನ ಕಾಲಕ್ಕೆ ಏಳೂವರೆ ಉಪಗ್ರಹದಿಂದ ಬರುತ್ತಿತ್ತು. ಗೊತ್ತಾದ ಹೊತ್ತಿಗೆ ಡಿಶ್ ತಿರುಗಿಸಿ ಟೇಪಿಗೆ ಇಳಿಸಿಕೊಳ್ಳಬೇಕು, ಚೀಟಿ ಅಂಟಿಸಬೇಕು, ಕಪಾಟಿನಲ್ಲಿ ದಿನವಾರು ಇಡಬೇಕು. ವರ್ಷಕ್ಕೆರಡು ಸಲ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ, ಆ ಕೆಲವು ನಿಮಿಷ ಚಿತ್ರವೆಲ್ಲ ಜೋಳದ ಹಿಟ್ಟು ಉದುರಿದ ಹಾಗೆ. ಮೊದಲ ಸಲ ಅದನ್ನು ಕಂಡಾಗ ನಾನು ಡಿಶ್ಶನ್ನು ಬೈದು, ಕೇಬಲ್ ಬಿಚ್ಚಿ ಉಜ್ಜಿ, ಬೆವೆತುಹೋದೆ. ಹೆರಾಲ್ಡ್ ಕಿಟಕಿಯ ಪರದೆ ಸರಿಸಿ ಬೆರಳಿನಿಂದ ಸೂರ್ಯನನ್ನು ತೋರಿಸಿದ, ಅಷ್ಟೇ.

ಹೆರಾಲ್ಡ್ ಮಾಡಿದ ಇನ್ನೊಂದು ಉಪಕಾರ ಬರೆಯಲೇಬೇಕು. ಸೇರಿದ ಮೊದಲ ವರ್ಷ ನಾನು ಎರಡು ಟೇಪಿಗೆ ಚೀಟಿ ಅದಲು ಬದಲು ಅಂಟಿಸಿದೆ. ಹಿಂದಿನ ವಾರದ ಕಂತು ಪೂರ್ತಿ ಅರ್ಧ ಗಂಟೆ ಗಾಳಿಗೆ ಹೋಯಿತು. ತಪ್ಪಾದಾಗ ನಾವು ಒಂದು ವರದಿ ಬರೆಯಬೇಕು. ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಕಾರಣ ಏನು, ಯಾರು. ಕಾಗದ ಮುಂದಿಟ್ಟುಕೊಂಡು ಕೂತೆ. ಹೆರಾಲ್ಡ್ ಕಾಗದ ತನ್ನ ಕಡೆ ಎಳೆದುಕೊಂಡು ತನ್ನ ಹೆಸರು ಬರೆದ. ಇನ್ನೆಂಟು ತಿಂಗಳಿಗೆ ನಿವೃತ್ತಿ, ನನ್ನ ಲೆಕ್ಕದಲ್ಲಿ ಜಾಗ ಬೇಕಾದಷ್ಟಿದೆ ಎಂದ. ನಾನು ಬೇಡ ಎನ್ನಲಿಲ್ಲ. ಥ್ಯಾಂಕ್ಸ್ ಎಂದೂ ಅನ್ನಲಿಲ್ಲ.

ಅದಾದ ಮೇಲೆ ನನ್ನ ಹೆಸರಿನಲ್ಲಿ ಒಂದೂ ತಪ್ಪಿನ ವರದಿ ಇರಲಿಲ್ಲ. ವರ್ಷಗಳು ಹೋದಂತೆ ಅದು ನನ್ನ ಸೊಕ್ಕಾಯಿತು. ಬೇರೆಯವರ ಬಳಿ ಕಾಲೇಜಿನ ಕಾಗದ ಇತ್ತು, ನನ್ನ ಬಳಿ ಖಾಲಿ ವರದಿ ಇತ್ತು. ಹೊಸ ಮ್ಯಾನೇಜರ್ ಬಂದಾಗಲೆಲ್ಲ ಹಳಬರು ನನ್ನನ್ನು ತೋರಿಸಿ, ಇವನು ಇಷ್ಟು ವರ್ಷದಲ್ಲಿ ಒಂದೂ ತಪ್ಪು ಮಾಡಿಲ್ಲ ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ, ಅದು ಪೂರ್ತಿ ನಿಜವಲ್ಲವೆಂದು ಗೊತ್ತಿದ್ದೂ.

2013ರಲ್ಲಿ ಟೇಪು ಪೂರ್ತಿ ಹೋಯಿತು. ಏಳೂವರೆ ಈಗ ಫೈಲಾಗಿ ಎರಡು ದಿನ ಮೊದಲೇ ಸರ್ವರಿಗೆ ಬಂದು ಕೂರುತ್ತಿತ್ತು. ಪ್ರತಿ ಕಂತಿಗೂ ಒಂದು ಸಂಖ್ಯೆ. ಸಂಜೆಯ ಪಟ್ಟಿಯಲ್ಲಿ ಆ ಸಂಖ್ಯೆ ಬರೆದರೆ ಆ ಹೊತ್ತಿಗೆ ಅದು ತಾನೇ ಓಡುತ್ತದೆ. ಕೈಯಲ್ಲಿ ಹಿಡಿಯಲು ಏನೂ ಇಲ್ಲ. ಚೀಟಿ ಇಲ್ಲ, ಕಪಾಟು ಇಲ್ಲ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಮೌಸು ಹಿಡಿದು ಕಲಿತೆ. ಕಲಿಸಿದವಳು ಟ್ರಿಶ್ ಎಂಬ ಎಂಜಿನಿಯರ್, ನಲವತ್ತೈದರ ಹೆಂಗಸು. ಆ ವ್ಯವಸ್ಥೆಯನ್ನು ಕೂರಿಸಿದವಳೇ ಅವಳು. ಒಂದೇ ಪ್ರಶ್ನೆ ನಾಲ್ಕು ಸಲ ಕೇಳಿದರೂ ನಾಲ್ಕನೇ ಸಲವೂ ಮೊದಲ ಸಲದಂತೆಯೇ ಹೇಳುತ್ತಿದ್ದಳು. ಅವಸರದಲ್ಲಿ ಅವಳು ನಮ್ಮ ನಾಲ್ವರು ಆಪರೇಟರುಗಳಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದಳು. ಇದನ್ನು ನೆನಪಿಡಿ.

ಮರುವರ್ಷ ಜನವರಿಯಲ್ಲಿ ಮ್ಯಾನೇಜರ್ ಡೇಲ್ ನಾಲ್ವರನ್ನೂ ಕೂರಿಸಿ, ಕೆಲಸ ಬೇರೆ ರಾಜ್ಯದ ಒಂದು ಕೇಂದ್ರಕ್ಕೆ ಹೋಗುತ್ತದೆ, ಇಲ್ಲಿ ಇಬ್ಬರು ಮಾತ್ರ ಉಳಿಯುತ್ತಾರೆ ಎಂದ. ಉಳಿಯುವವರಿಗೆ ಡಿಪ್ಲೊಮಾ ಕಡ್ಡಾಯ. ನಾನು ಎದ್ದು ನಿಲ್ಲುವ ಮೊದಲೇ, ಚನ್‌ಗೆ ವಿನಾಯಿತಿ ಕೇಳಿದ್ದೇನೆ, ಅವನ ಖಾಲಿ ವರದಿ ನೋಡಿ ಮೇಲಿನವರು ಒಪ್ಪಿದ್ದಾರೆ ಎಂದೂ ಹೇಳಿದ. ಹಾಗೆಂದರೆ ಏಪ್ರಿಲ್‌ನಲ್ಲಿ ಉಳಿಯುವವರ ಪಟ್ಟಿ ಬರುವವರೆಗೆ ಒಂದೇ ಒಂದು ತಪ್ಪು ನನ್ನ ಹೆಸರಿಗೆ ಬರಬಾರದು. ನೀಲಮ್ಮನ ಮೊಣಕಾಲು ಕೆಟ್ಟು ಅವಳು ಆಗಲೇ ಕೆಲಸ ಬಿಟ್ಟಿದ್ದಳು. ಮನೆಗೆ, ವಿಮೆಗೆ, ಎಲ್ಲಕ್ಕೂ ನನ್ನ ಕೆಲಸವೇ ಆಧಾರ. ನಾನು ಪ್ರತಿ ಸಂಖ್ಯೆಯನ್ನು ಮೂರು ಸಲ ನೋಡತೊಡಗಿದೆ. ಐ-ಫೈವ್ ರಸ್ತೆಯಲ್ಲಿ ನಮ್ಮ ಮನೆಯಿರುವ ಮಿಲ್ ಕ್ರೀಕ್‌ವರೆಗೆ ಡ್ರೈವ್ ಮಾಡುವಾಗಲೂ ತಲೆಯಲ್ಲಿ ಸಂಖ್ಯೆಗಳೇ. ನೀಲಮ್ಮ, ‘ನಿಮಗ ಏಳೂವರಿ ಶನಿ ಹತ್ತಿಲ್ರೀ, ಏಳೂವರಿ ಟಿವಿ ಹತ್ತೇತಿ,’ ಎನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಶೈಲಾ ಬಂದು ಸುದ್ದಿ ಹೇಳಿದಳು. ಎರಡು ಬೀದಿ ಆಚೆಯ ಮನೆ, ಬೆಂಗಳೂರಿನವರು. ಗಂಡ ಪಕ್ಕದೂರು ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳು ಕಾವ್ಯಾ ಎವರೆಟ್‌ನ ಶಾಲೆಯೊಂದರಲ್ಲಿ ಟೀಚರ್. ಆ ಕಾವ್ಯಾ ಏಳೂವರೆಗೆ ಸ್ಪರ್ಧಿಯಾಗಿ ಹೋಗಿ ಬಂದಿದ್ದಾಳೆ, ಮುಂದಿನ ಗುರುವಾರ ಪ್ರಸಾರ! ಚಿತ್ರೀಕರಣವಾಗಿ ನಾಲ್ಕು ತಿಂಗಳಾಗಿದೆ, ಆದರೆ ಫಲಿತಾಂಶ ಹೇಳಬಾರದೆಂದು ಸಹಿ ಮಾಡಿಸಿಕೊಂಡಿದ್ದಾರೆ. ಹುಡುಗಿ ಅಮ್ಮನಿಗೂ ಬಾಯಿ ಬಿಟ್ಟಿಲ್ಲ. ಶೈಲಾ ಆ ಮೌನವನ್ನು ಗೆಲುವೆಂದೇ ಓದಿಕೊಂಡು ಅರವತ್ತು ಜನರನ್ನು ಊಟಕ್ಕೆ ಕರೆದಿದ್ದಳು. ದೂರದ ಸ್ನೊಕ್ವಾಲ್ಮಿ ಎಂಬ ಊರಿನಿಂದಲೂ ಎರಡು ಕಾರು ಬರುವುದಿತ್ತು. ಪೂರ್ವದ ಊರುಗಳಲ್ಲಿ ನಮಗಿಂತ ಮೂರು ಗಂಟೆ ಮೊದಲೇ ಕಂತು ಬರುವುದರಿಂದ ನ್ಯೂಜೆರ್ಸಿಯ ನಾದಿನಿಗೆ ಅವತ್ತು ಫೋನ್ ಮಾಡಕೂಡದೆಂದು ಆಣೆ ಇಟ್ಟಿದ್ದಳು. ಇನ್ನೂರು ಹೋಳಿಗೆ ನೀಲಮ್ಮ ಒಪ್ಪಿಕೊಂಡಳು, ಕೆಟ್ಟ ಮೊಣಕಾಲಿನಲ್ಲಿ.

ಹೊಸ ಹುಡುಗರಿಗೆ ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಬಂದ ಕಂತನ್ನು ನಾವು ತಲೆ, ನಡು, ಬಾಲ ಮಾತ್ರ ನೋಡುತ್ತೇವೆ. ಮೊದಲ ನಿಮಿಷ, ಮಧ್ಯದ ಒಂದು ನಿಮಿಷ, ಕೊನೆಯ ಸಾಲುಗಳು. ಧ್ವನಿ ಇದೆಯೇ, ಚಿತ್ರ ಸರಿ ಇದೆಯೇ ಎಂದಷ್ಟೇ. ಪೂರ್ತಿ ನೋಡಬಾರದೆಂದು ನಿಯಮವೇನಿಲ್ಲ, ಆದರೆ ಯಾರೂ ನೋಡುವುದಿಲ್ಲ. ಕೆಲಸ ಬೇರೆ, ಆಟ ಬೇರೆ. ಇಪ್ಪತ್ಮೂರು ವರ್ಷದಲ್ಲಿ ನಾನೂ ನೋಡಿದವನಲ್ಲ.

ಬುಧವಾರ ಮಧ್ಯಾಹ್ನ ಮೂರಕ್ಕೆ ಗುರುವಾರದ ಕಂತಿನ ತಲೆ ನೋಡಬೇಕಿತ್ತು. ನೋಡಲು ಇದ್ದ ಬಿಡಿ ಯಂತ್ರವನ್ನು ಟ್ರಿಶ್ ರಿಪೇರಿಗೆ ಬಿಚ್ಚಿದ್ದಳು. ಆದ್ದರಿಂದ ನಾನು ಆ ಸಂಜೆಯ ಪಟ್ಟಿಯಲ್ಲೇ, ಬುಧವಾರದ ಸಾಲಿನಲ್ಲಿ ಗುರುವಾರದ ಸಂಖ್ಯೆ ಹಾಕಿ ತೆರೆದೆ. ಒಂದು ನಿಮಿಷದ ಕೆಲಸ, ಮತ್ತೆ ಹಳೆ ಸಂಖ್ಯೆ ಹಾಕಿದರಾಯಿತು. ತೆರೆದ ಕೂಡಲೇ ನಡುವಿನ ಜಾಗದಲ್ಲಿ ಕಾವ್ಯಾ! ನೀಲಿ ಕುರ್ತಾ, ಕಿವಿಯಲ್ಲಿ ಅವಳ ಅಜ್ಜಿಯ ಬೆಂಡೋಲೆ. ನನಗೆ ಕೈ ತೆಗೆಯಲಾಗಲಿಲ್ಲ. ಮೊದಲ ಸುತ್ತಿನಲ್ಲಿ ಅವಳೇ ಮುಂದು. ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ಪೂರ್ತಿ ನೋಡಿದೆ. ಕೊನೆಯ ಸುತ್ತಿನಲ್ಲಿ ಅವಳು ಸತತ ಮೂರು ಉತ್ತರ ತಪ್ಪಿದಳು. ಮೂರನೆಯ ಸ್ಥಾನ.

ಅಷ್ಟರಲ್ಲಿ ಮೊಬೈಲು ಬಡಿಯಿತು. ಶೈಲಾ.

‘ಅಣ್ಣಾ, ನಾಳೇದು ನಿಮ್ ಹತ್ರ ಬಂದಿರತ್ತಲ್ವಾ? ಏನೂ ಹೇಳ್ಬೇಡಿ. ಸುಮ್ನೆ ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ.’

‘ಇನ್ನೂ ಬಂದಿಲ್ಲಮ್ಮ.’

‘ಸುಳ್ಳು. ನಿಮ್ ದನಿ ಯಾಕೋ ಒಂಥರಾ ಇದೆ.’

ನೆಗಡಿ ಎಂದೆ. ಫೋನ್ ಇಟ್ಟ ಮೇಲೆ ಅರವತ್ತು ಜನ, ಇನ್ನೂರು ಹೋಳಿಗೆ, ಆ ಹುಡುಗಿಯ ಮುಖ, ಇವೇ ಕಣ್ಣ ಮುಂದೆ. ಎದ್ದು ಹೋಗಿ ನೀರು ಕುಡಿದೆ. ಬಂದು ಸಂಜೆಯ ಸುದ್ದಿಯ ಕೆಲಸ ಹಿಡಿದೆ. ಸಂಖ್ಯೆ ಹಿಂದಕ್ಕೆ ಹಾಕಲಿಲ್ಲ.

ಏಳೂವರೆಗೆ ಸಂಗೀತ ಶುರುವಾಯಿತು. ಹನ್ನೊಂದು ದಿನದಿಂದ ಗೆಲ್ಲುತ್ತಿದ್ದ ಒಬ್ಬ ಅಂಚೆಯವನಿದ್ದ, ಊರೆಲ್ಲ ಅವನ ಮಾತೇ ಆಗಿತ್ತು. ಎಡಗಡೆ ಅವನಿರಬೇಕು. ಅಲ್ಲಿ ಯಾರೋ ಹೆಂಗಸು. ನಡುವೆ ನೀಲಿ ಕುರ್ತಾ. ಇದು ನಾಳೆಯ ಕಂತು! ಪ್ರಸಾರ ಕಡಿದೆ. ಸ್ಟೇಷನ್ನಿನ ಚಿಹ್ನೆ ಹಾಕಿ, ಸರಿಯಾದ ಸಂಖ್ಯೆ ಹುಡುಕಿ, ಮತ್ತೆ ಮೊದಲಿನಿಂದ ಓಡಿಸಿದೆ. ಐವತ್ತು ಸೆಕೆಂಡು ತಪ್ಪು ಕಂತು, ಒಂದೂಕಾಲು ನಿಮಿಷ ಚಿಹ್ನೆ. ನಾಳೆಯ ಕಂತಿನ ಎಡಗಡೆ ಬೇರೆಯವರನ್ನು ಕಂಡು, ಆ ಐವತ್ತು ಸೆಕೆಂಡಿನಲ್ಲಿ ಅಂಚೆಯವನು ಇವತ್ತು ಸೋಲುತ್ತಾನೆಂದು ಊರಿಗೆಲ್ಲ ಗೊತ್ತಾಯಿತು. ಜೊತೆಗೆ, ದೇಶದಲ್ಲಿ ಇನ್ನೂ ಯಾರೂ ತೋರಿಸದ ಕಂತನ್ನು ನಾವು ತೋರಿಸಿದ್ದೆವು. ಕಂಪನಿಯ ಒಪ್ಪಂದದ ಪ್ರಕಾರ ಅದು ದೊಡ್ಡ ಅಪರಾಧ. ಎಲ್ಲ ಫೋನುಗಳೂ ಒಟ್ಟಿಗೆ ಹೊಡೆದುಕೊಂಡವು.

ಪಕ್ಕದ ಕುರ್ಚಿಯ ಗ್ಯಾರಿ, ನಾಲ್ವರಲ್ಲಿ ಒಬ್ಬ, ಒಂದೊಂದಾಗಿ ಫೋನ್ ಎತ್ತಿ ಕ್ಷಮೆ ಕೇಳಿದ. ಎಲ್ಲ ತಣ್ಣಗಾದ ಮೇಲೆ ವರದಿಯ ಕಾಗದ ನನ್ನ ಮುಂದೆ ಇಟ್ಟ.

‘ಸಿಸ್ಟಂ ಅಂತ ಬರಿ,’ ಎಂದ. ‘ಮೂರು ವಾರದ ಹಿಂದೆ ಅದು ತಾನಾಗಿ ಒಂದು ಜಾಹೀರಾತು ನುಂಗಿತ್ತು. ಒಂದೇ ಪಾಸ್‌ವರ್ಡ್, ಯಾರು ಮುಟ್ಟಿದ್ದು ಅಂತ ಆ ದೇವರಿಗೂ ಗೊತ್ತಾಗಲ್ಲ.’

ನಾನು ಪೆನ್ನಿನ ಮುಚ್ಚಳ ತೆಗೆದೆ.

‘ಚನ್, ಯೋಚನೆ ಮಾಡು. ಯಂತ್ರ ನಂಬೋ ಹಾಗಿಲ್ಲ ಅಂತಾದ್ರೆ ಕೇಂದ್ರಕ್ಕೆ ಕಳಿಸೋದು ಒಂದು ವರ್ಷ ಮುಂದೆ ಹೋಗತ್ತೆ. ನೀನೊಬ್ಬನೇ ಅಲ್ಲ, ನಾವು ನಾಲ್ಕೂ ಜನ ಉಳೀತೀವಿ.’

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ಕಷ್ಟ. ಹೊತ್ತು ಬರೆದೆ, ಸೆಕೆಂಡು ಬರೆದೆ. ‘ಕಾರಣ’ ಎಂಬ ಜಾಗ ಖಾಲಿ ಬಿಟ್ಟೆ. ಇಪ್ಪತ್ನಾಲ್ಕು ಗಂಟೆ ಅವಕಾಶವಿರುತ್ತದೆ. ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ.

ಅಡುಗೆಮನೆಯಲ್ಲಿ ನೀಲಮ್ಮ ಹೂರಣ ರುಬ್ಬುತ್ತಿದ್ದಳು. ಟಿವಿಯಲ್ಲಿ ಕಾವ್ಯಾಳ ಮುಖ ಕಂಡು ಹೌಹಾರಿದ್ದಳು. ನಾನೇ ಹಾಕಿದ್ದು ಎಂದು ಅವಳಿಗೆ ಹೇಳಿದೆ, ಗ್ಯಾರಿಯ ಮಾತೂ ಹೇಳಿದೆ, ಫಲಿತಾಂಶ ಮಾತ್ರ ಹೇಳಲಿಲ್ಲ. ಅವಳು ರುಬ್ಬಿದ ಹೂರಣವನ್ನು ಪಾತ್ರೆಗೆ ತೆಗೆದಳು. ಆಮೇಲೆ ಒಂದೇ ಮಾತು ಕೇಳಿದಳು.

‘ಸಿಸ್ಟಂ ಅಂತ ಬರದ್ರ ಯಾರ ಹೆಸರಿಗಿ ಬರತೈತ್ರೀ?’

ನನಗೆ ಅಲ್ಲಿಯವರೆಗೆ ಅದು ಯಾರ ಹೆಸರೂ ಆಗಿರಲಿಲ್ಲ, ಯಂತ್ರವಾಗಿತ್ತು.

ಗುರುವಾರ ಎರಡು ಗಂಟೆಗೆ ಕೆಲಸಕ್ಕೆ ಬಂದಾಗ ಟ್ರಿಶ್ ಸರ್ವರ್ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಸುತ್ತ ಸಿಸ್ಟಂನಿಂದ ಮುದ್ರಿಸಿ ತೆಗೆದ ಉದ್ದುದ್ದ ಕಾಗದ. ಬೆಳಿಗ್ಗೆ ಐದಕ್ಕೇ ಬಂದಿದ್ದಳಂತೆ. ಪ್ರತಿಯೊಂದು ಸಾಲನ್ನೂ ಹಸಿರು ಪೆನ್ನಿನಿಂದ ಗುರುತಿಸಿದ್ದಳು. ತಪ್ಪು ಸಿಗುತ್ತಿಲ್ಲ, ಸಿಗದಿದ್ದರೆ ಇನ್ನೂ ಕೆಟ್ಟದ್ದು, ಇವತ್ತು ರಾತ್ರಿಯೂ ಹೀಗೇ ಆಗಬಹುದು, ಮೇಲಿನವರು ನಾಲ್ಕು ಗಂಟೆಗೆ ಫೋನಿನಲ್ಲಿ ಕೇಳುತ್ತಾರೆ ಎಂದಳು. ಅವಳ ಕೆಲಸವೇ ಹೋಗಬಹುದಿತ್ತು. ಅದನ್ನು ಅವಳು ಹೇಳಲಿಲ್ಲ. ‘ನಿನ್ನ ಕಣ್ಣಿಗೇನಾದ್ರೂ ಬಿತ್ತಾ, ಚನ್?’ ಎಂದು ಕೇಳಿದಳು, ನಾಲ್ಕನೇ ಸಲ ಉತ್ತರ ಹೇಳುವಾಗಿನ ಅದೇ ದನಿಯಲ್ಲಿ.

ನನಗೆ ಹೆರಾಲ್ಡ್ ಕಾಗದ ಎಳೆದುಕೊಂಡ ಕೈ ನೆನಪಾಯಿತು. ಅವನು ತಾನಾಗಿ ಕೊಟ್ಟದ್ದನ್ನು ನಾನು ತೆಗೆದುಕೊಂಡಿದ್ದೆ. ಇವಳಿಂದ ಕೇಳದೆಯೇ ತೆಗೆದುಕೊಳ್ಳಲು ಹೊರಟಿದ್ದೆ.

ಜೇಬಿನಿಂದ ವರದಿ ತೆಗೆದು, ಅವಳ ಹಸಿರು ಪೆನ್ನು ಕೇಳಿ ಪಡೆದು, ಸರ್ವರ್ ಪೆಟ್ಟಿಗೆಯ ಮೇಲೆ ಇಟ್ಟು ಬರೆದೆ. ಕಾರಣ: ಆಪರೇಟರ್ ತಪ್ಪು. ಪ್ರಸಾರದ ಪಟ್ಟಿಯಲ್ಲೇ ಕಂತು ತೆರೆದು ನೋಡಿದ್ದು, ಸಂಖ್ಯೆ ಹಿಂದಕ್ಕೆ ಹಾಕಲು ಮರೆತದ್ದು. ಹೆಸರು ಪೂರ್ತಿ ಬರೆದೆ, ಚನ್ ಎಂದಲ್ಲ. ಟ್ರಿಶ್ ಓದಿದಳು. ಯಾಕೆ ನೋಡಿದೆ ಎಂದು ಕೇಳಿದಳು. ನಮ್ಮ ನೆರೆಯ ಹುಡುಗಿ ಇದ್ದಳು ಎಂದೆ. ಗೆದ್ದಳಾ ಎಂದಳು. ಹೇಳಬಾರದು ಎಂದೆ. ಆಗ ಅವಳಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು.

ಡೇಲ್ ಅಷ್ಟು ಸುಲಭವಾಗಿ ನಗಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದ. ಇದನ್ನು ಕಳಿಸಿದರೆ ವಿನಾಯಿತಿ ಉಳಿಯುವುದಿಲ್ಲ, ಗೊತ್ತಲ್ಲ ಎಂದ. ಗೊತ್ತು ಎಂದೆ. ಇವತ್ತಿನ ಏಳೂವರೆ ಬೇರೆಯವರು ಹಾಕಲಿ ಎಂದ. ಅದೊಂದನ್ನು ನಾನು ಒಪ್ಪಲಿಲ್ಲ. ನಾನೇ ಹಾಕುತ್ತೇನೆ ಎಂದೆ. ಸಂಖ್ಯೆಯನ್ನು ಏಳು ಸಲ ನೋಡಿ ಹಾಕಿದೆ. ಕಾವ್ಯಾ ನಡುವಿನ ಜಾಗದಲ್ಲಿ ನಿಂತಳು, ಮೊದಲ ಸುತ್ತು ಗೆದ್ದಳು, ಕೊನೆಯ ಸುತ್ತು ಸೋತಳು, ಒಂದು ಸೆಕೆಂಡೂ ಆಚೀಚೆ ಆಗದೆ.

ಆ ಭಾನುವಾರ ಕಾವ್ಯಾ ಮನೆಗೆ ಬಂದಳು, ಉಳಿದ ಹೋಳಿಗೆ ಡಬ್ಬಿ ವಾಪಸ್ ಕೊಡಲು. ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷಿನದು. ‘ಅಂಕಲ್, ಯು ನ್ಯೂ?’ ಎಂದಳು, ನಿಮಗೆ ಮೊದಲೇ ಗೊತ್ತಿತ್ತಾ ಎಂದು. ಹೂಂ ಎಂದೆ. ಇಡೀ ಊರಿನಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾಲ್ಕು ತಿಂಗಳು ಅವಳಿಗೆ ಅನ್ನ ಸೇರಿರಲಿಲ್ಲವಂತೆ. ಅಮ್ಮ ಕರೆಯೋಲೆ ಕಳಿಸುತ್ತಿದ್ದರೆ ತಡೆಯಲೂ ಆಗದೆ, ಹೇಳಲೂ ಆಗದೆ ಶಾಲೆಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಅಳುತ್ತಿದ್ದಳಂತೆ. ನೀಲಮ್ಮ ಒಳಗಿನಿಂದಲೇ, ‘ಇಬ್ಬರಿಗೂ ಗೊತ್ತಿದ್ದು ನನ್ನ ಕಡೆ ಇನ್ನೂರ ಹೋಳಿಗಿ ಮಾಡಿಸಿಕೊಂಡ್ರಿ, ಆಹಾ,’ ಎಂದಳು. ಕಾವ್ಯಾ ನಕ್ಕಳು. ಶೈಲಾ ಮಾತ್ರ ನನ್ನ ನೆಗಡಿಯನ್ನು ಎರಡು ತಿಂಗಳು ಕ್ಷಮಿಸಲಿಲ್ಲ.

ಏಪ್ರಿಲ್‌ನಲ್ಲಿ ಪಟ್ಟಿ ಬಂತು. ಉಳಿದ ಇಬ್ಬರಲ್ಲಿ ನಾನಿರಲಿಲ್ಲ, ಗ್ಯಾರಿಯೂ ಇರಲಿಲ್ಲ. ಅವನು ಹೋಗುವ ದಿನ ನನ್ನ ಕೈ ಕುಲುಕಿದ, ಆದರೆ ಮುಖ ನೋಡಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ. ಅವನಿಗೆ ಸಿಗಬಹುದಿದ್ದ ಒಂದು ವರ್ಷ ನನ್ನ ಹಸಿರು ಸಾಲಿನಲ್ಲಿ ಹೋಯಿತು. ಆಮೇಲೆ ಅರವತ್ತೈದರವರೆಗೆ ನಾನು ಒಂದು ಅಂಗಡಿಯಲ್ಲಿ ಟಿವಿ ರಿಪೇರಿ ಮಾಡಿದೆ, ಗದಗದಲ್ಲಿ ಶುರು ಮಾಡಿದಲ್ಲಿಗೇ ಬಂದ ಹಾಗೆ. ಟ್ರಿಶ್ ಪ್ರತಿ ಆಪರೇಟರಿಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿದಳೆಂದು ಕೇಳಿದೆ. ಒಳ್ಳೆಯದು.

ತಂಗಿಯ ಮಗಳೇ, ನಿನಗೆ ಹೇಳುವುದು ಇಷ್ಟೇ. ಪ್ರಸಾರದ ಪಟ್ಟಿಯಲ್ಲಿ ಯಾವುದನ್ನೂ ‘ಸುಮ್ಮನೆ ಒಂದು ನಿಮಿಷ’ ತೆರೆಯಬೇಡ. ನಿನ್ನ ಪಾಸ್‌ವರ್ಡ್ ಯಾರಿಗೂ ಕೊಡಬೇಡ, ಯಾರದ್ದೂ ತೆಗೆದುಕೊಳ್ಳಬೇಡ. ಫೋನ್ ಬಂದರೆ ಮೊದಲು ಸಂಖ್ಯೆ ನೋಡು, ಆಮೇಲೆ ಎತ್ತು.

ಈಗ ನನ್ನ ಹತ್ತಿರ ಇರುವುದು: ಮಿಲ್ ಕ್ರೀಕ್‌ನಲ್ಲಿ ಒಂದು ಮನೆ. ನೀಲಮ್ಮ, ಅವಳ ಒಂದು ಹಳೆಯ ಮೊಣಕಾಲು, ಒಂದು ಹೊಸದು. ಹೆರಾಲ್ಡ್ ಬಿಟ್ಟುಹೋದ ಒಂದು ಟೇಪ್ ಮಷೀನು, ಓಡುತ್ತದೆ. ಅದಕ್ಕೆ ಹಾಕಲು ಆರು ಟೇಪು. ಒಂದು ಹಸಿರು ಪೆನ್ನು. ಇಪ್ಪತ್ಮೂರು ವರ್ಷದ ಕೆಲಸಕ್ಕೆ ನನ್ನ ಹೆಸರಿನಲ್ಲಿ ಒಂದು ತಪ್ಪಿನ ವರದಿ. ಇರಬೇಕಾದದ್ದು ಎರಡು.